ಕಣ್ಣಿಗೆ ಕಟ್ಟುವ ಪೆಟ್ಟಿಗೆ

2015ರ ನವೆಂಬರ್ ತಿಂಗಳ ಒಂದು ವಾರಾಂತ್ಯ. ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಚಂದಾದಾರರ ಮನೆಬಾಗಿಲಿಗೆ ಪತ್ರಿಕೆಯ ಜೊತೆಗೆ ಇನ್ನೊಂದು ವಸ್ತುವೂ ಬಂತು. ನೋಡಿದರೆ ಮಡಿಸಿದ ರಟ್ಟು. ಗೆರೆ ಇದ್ದಲ್ಲಿ ಬಗ್ಗಿಸಿ, ಸೀಳು ಇದ್ದಲ್ಲಿ ಸಿಕ್ಕಿಸಿದರೆ ಅದೊಂದು ಪುಟ್ಟ ಪೆಟ್ಟಿಗೆ. ಕಣ್ಣಿಡುವ ಜಾಗದಲ್ಲಿ ಎರಡು ಮಸೂರ. ಎದುರು ಬದಿಯಲ್ಲಿ ಮೊಬೈಲ್ ಫೋನ್ ಇಟ್ಟು ಮುಖಕ್ಕೆ ಹಿಡಿದರೆ, ಯುದ್ಧದಿಂದ ಮನೆಮಠ ಕಳೆದುಕೊಂಡ ಮೂವರು ಮಕ್ಕಳ ಬದುಕು ನೋಡುಗರ ಸುತ್ತಲೂ ತೆರೆದುಕೊಳ್ಳುತ್ತಿತ್ತು. ದಕ್ಷಿಣ ಸುಡಾನಿನ ಬಯಲಿನಲ್ಲಿ ನಿಂತು ತಲೆ ಎತ್ತಿದರೆ ನೆತ್ತಿಯ ಮೇಲೆ ವಿಮಾನ, ಅದರಿಂದ ಉದುರುವ ಆಹಾರದ ಮೂಟೆಗಳು. ಇಂಥ ಹತ್ತು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಪತ್ರಿಕೆ ಹಂಚಿತು.

ಪತ್ರಿಕೆ ಅದನ್ನು ಹಂಚಿದ್ದು ಸಾಕ್ಷ್ಯಚಿತ್ರ ನೋಡಲೆಂದು. ಆದರೆ ಮಕ್ಕಳ ಕಣ್ಣಿಗೆ ಅದು ಕಂಡದ್ದು ಆಟದ ಪೆಟ್ಟಿಗೆಯಾಗಿಯೇ. ನಮ್ಮಲ್ಲಿಯೂ ಆನ್‌ಲೈನ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದವರೆಗೆ ಇಂಥ ಪೆಟ್ಟಿಗೆಗಳು ಸಿಗುತ್ತವೆ. ರಟ್ಟಿನ ಬದಲು ಪ್ಲಾಸ್ಟಿಕ್, ತಲೆಗೆ ಬಿಗಿಯಲು ಒಂದು ಪಟ್ಟಿ, ಹೊರಗಿನ ಡಬ್ಬಿಯ ಮೇಲೆ ಬಾಯ್ತೆರೆದ ಡೈನೋಸಾರ್ ಮುಂದೆ ಕೈ ಬೀಸುತ್ತಿರುವ ಹುಡುಗನ ಚಿತ್ರ. ಹುಟ್ಟುಹಬ್ಬ ಹತ್ತಿರ ಬಂದಾಗ ಮಕ್ಕಳು ಅದನ್ನೇ ಬೇಕೆಂದು ಹಟ ಹಿಡಿಯುತ್ತಾರೆ. ಹೇಗೂ ಫೋನ್ ಮನೆಯಲ್ಲಿದೆ, ಪೆಟ್ಟಿಗೆಯ ಬೆಲೆಯೂ ಹೆಚ್ಚಲ್ಲ, ಕೊಡಿಸಿದರೆ ತಪ್ಪೇನು ಎಂದು ಹೆತ್ತವರಿಗೂ ಅನ್ನಿಸುತ್ತದೆ. ಡಬ್ಬಿಯ ಮೇಲಿನ ಆ ಹುಡುಗ ಆಡುತ್ತಿರುವ ಆಟ ಈ ಪೆಟ್ಟಿಗೆಯಲ್ಲಿ ನಿಜಕ್ಕೂ ಸಿಗುತ್ತದೆಯೇ? ಇಲ್ಲ ಎಂಬುದೇ ನೇರ ಉತ್ತರ. ಏಕೆ ಇಲ್ಲ ಎಂಬುದಕ್ಕೆ ಮಾತ್ರ ಒಂದು ದೊಡ್ಡ ಕಥೆಯಿದೆ.

ಎರಡು ಕಣ್ಣು, ಎರಡು ಚಿತ್ರ

ಪೆಟ್ಟಿಗೆಯೊಳಗೆ ಇಣುಕಿ ಲೋಕ ನೋಡುವ ಆಸೆ ಹೊಸದಲ್ಲ. ಜಾತ್ರೆಯಲ್ಲಿ ಬಯಾಸ್ಕೋಪ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಿಂಡಿಗೆ ಕಣ್ಣು ಹಚ್ಚಿದವರು ಇಂದಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಆದರೆ ಜಾತ್ರೆಯ ಪೆಟ್ಟಿಗೆಯಲ್ಲಿದ್ದದ್ದು ಸಾಮಾನ್ಯ ಚಿತ್ರ. ಸುತ್ತಲಿನ ಕತ್ತಲೆ ಮತ್ತು ಮಸೂರ ಸೇರಿ ಅದನ್ನು ದೊಡ್ಡದಾಗಿ ಕಾಣಿಸುತ್ತಿದ್ದವು, ಅಷ್ಟೇ. ಇಂದಿನ ಪೆಟ್ಟಿಗೆಯ ನಿಜವಾದ ಅಜ್ಜ ಬೇರೆ.

ಮುಖದ ಮುಂದೆ ಹೆಬ್ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಹೆಬ್ಬೆರಳು ಅತ್ತಿಂದಿತ್ತ ಜಿಗಿದಂತೆ ಕಾಣುತ್ತದೆ. ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿರುವುದರಿಂದ ಎರಡಕ್ಕೂ ಕಾಣುವ ನೋಟ ತುಸು ಬೇರೆ ಬೇರೆ. ಆ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಲೆಕ್ಕ ಹಾಕುತ್ತದೆ. ಹಾಗಾದರೆ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಇನ್ನೊಂದು ಚಪ್ಪಟೆ ಚಿತ್ರ ತೋರಿಸಿ ಮಿದುಳನ್ನು ಏಮಾರಿಸಬಹುದಲ್ಲ! ಹೀಗೆ ಯೋಚಿಸಿ, ಕನ್ನಡಿಗಳನ್ನು ಜೋಡಿಸಿ ‘ಸ್ಟೀರಿಯೋಸ್ಕೋಪ್’ ಎಂಬ ಉಪಕರಣ ಮಾಡಿದವನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. ಅದನ್ನು ಅವನು ರಾಯಲ್ ಸೊಸೈಟಿಗೆ ವಿವರಿಸಿದ್ದು 1838ರಲ್ಲಿ. ಫೋಟೊಗ್ರಫಿ ಜಗತ್ತಿಗೆ ಪರಿಚಯವಾದದ್ದು ಅದರ ಮರುವರ್ಷ. ಎಂದರೆ ಆಳ ತೋರಿಸುವ ಪೆಟ್ಟಿಗೆ ಮೊದಲು ಬಂತು, ಅದರಲ್ಲಿಡಬೇಕಾದ ಫೋಟೊ ಆಮೇಲೆ ಬಂತು! ವೀಟ್‌ಸ್ಟನ್ ಕೈಯಲ್ಲಿ ಬಿಡಿಸಿದ ರೇಖಾಚಿತ್ರಗಳನ್ನೇ ಬಳಸಿಕೊಳ್ಳಬೇಕಾಯಿತು.

ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಕನ್ನಡಿ ತೆಗೆದು ಮಸೂರ ಹಾಕಿದ. ಅವನ ಮಾದರಿಯ ಪೆಟ್ಟಿಗೆ 1851ರ ಲಂಡನ್ ಮಹಾ ವಸ್ತುಪ್ರದರ್ಶನಕ್ಕೆ ಬಂದಾಗ ವಿಕ್ಟೋರಿಯಾ ರಾಣಿಯೂ ಮೆಚ್ಚಿದಳು. ಅಲ್ಲಿಂದಾಚೆಗೆ ಅದು ಮನೆಮನೆಯ ಗೀಳಾಯಿತು. ಅಮೆರಿಕದ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ 1861ರಲ್ಲಿ ಕೈಯಲ್ಲಿ ಹಿಡಿಯುವ ಅಗ್ಗದ ಮಾದರಿಯೊಂದನ್ನು ಮಾಡಿ, ಬೇಕೆಂದೇ ಅದಕ್ಕೆ ಪೇಟೆಂಟ್ ಮಾಡಿಸದೆ ಬಿಟ್ಟ. ಯಾರು ಬೇಕಾದರೂ ಮಾಡಿ ಮಾರಬಹುದಿತ್ತು, ಮಾರಿದರೂ. ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಕಂಪನಿಯ ಛಾಯಾಗ್ರಾಹಕ ಜೇಮ್ಸ್ ರಿಕಾಲ್ಟನ್ ನಮ್ಮ ದೇಶವನ್ನು ಸುತ್ತಿ ತೆಗೆದ ನೂರು ಜೋಡಿಚಿತ್ರಗಳ ಕಟ್ಟು 1907ರಲ್ಲಿ ನಕ್ಷೆ ಮತ್ತು ಪುಸ್ತಕದ ಸಮೇತ ಮಾರಾಟಕ್ಕೆ ಬಂತು. ಅಮೆರಿಕದ ಮನೆಯ ನಡುಮನೆಯಲ್ಲಿ ಕುಳಿತು ಭಾರತ ‘ಸುತ್ತಬಹುದಾದ’ ಏರ್ಪಾಟು ಅದು. ಆಮೇಲೆ ಸಿನಿಮಾ ಬಂತು, ರೇಡಿಯೊ ಬಂತು, ಈ ಪೆಟ್ಟಿಗೆ ಅಟ್ಟ ಸೇರಿತು.

ಅಟ್ಟದಿಂದ ಅದನ್ನು ಮಕ್ಕಳ ಆಟಿಕೆಯಾಗಿ ಇಳಿಸಿದ್ದು 1939ರಲ್ಲಿ ಬಂದ ವ್ಯೂಮಾಸ್ಟರ್. ಒಂದು ದುಂಡು ರಟ್ಟಿನ ಬಿಲ್ಲೆ, ಅದರ ಅಂಚಿನಲ್ಲಿ ಏಳು ಜೋಡಿ ಬಣ್ಣದ ಪುಟ್ಟ ಚಿತ್ರಗಳು. ಸನ್ನೆ ಒತ್ತಿದರೆ ‘ಚಟಕ್’ ಎಂದು ಮುಂದಿನ ಚಿತ್ರ. ನಮ್ಮ ಪಟ್ಟಣಗಳ ಒಂದು ತಲೆಮಾರಿನ ಮಕ್ಕಳು ದೂರದ ಊರುಗಳನ್ನು ಮೊದಲು ‘ಉಬ್ಬಿ ನಿಂತಂತೆ’ ನೋಡಿದ್ದು ಇದರಲ್ಲಿಯೇ.

ಫೋನಿಗೆ ಕಿವಿ ಬಂದ ಮೇಲೆ

ಇಷ್ಟರಲ್ಲಿ ಒಂದು ಕೊರತೆ ಉಳಿದೇ ಇತ್ತು. ತಲೆ ತಿರುಗಿಸಿದರೆ ಚಿತ್ರ ತಿರುಗುತ್ತಿರಲಿಲ್ಲ. ನಿಜ ಲೋಕದಲ್ಲಿ ಬಲಕ್ಕೆ ಹೊರಳಿದರೆ ಬಲಗಡೆಯ ನೋಟ ಕಾಣಬೇಕು. ಅದಕ್ಕೆ ತಲೆ ಎತ್ತ ತಿರುಗಿತೆಂದು ಅಳೆಯುವ ಸಾಧನವೂ, ಆ ಕ್ಷಣದಲ್ಲೇ ಹೊಸ ಚಿತ್ರ ಬರೆಯುವ ಕಂಪ್ಯೂಟರೂ ಬೇಕು. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಇದನ್ನು ಮಾಡಿ ತೋರಿಸಿದಾಗ ಉಪಕರಣವನ್ನು ಛಾವಣಿಯಿಂದ ತೂಗುಹಾಕಬೇಕಾಗಿತ್ತು. ಅದರಲ್ಲಿ ಕಂಡದ್ದು ಬರೀ ಗೆರೆಗಳಿಂದಾದ ಆಕೃತಿಗಳು. 1980ರ ದಶಕದಲ್ಲಿ ಜೇರನ್ ಲೇನಿಯರ್ ಎಂಬಾತ ‘ವರ್ಚುವಲ್ ರಿಯಾಲಿಟಿ’ ಎಂಬ ಹೆಸರನ್ನು ಜನಪ್ರಿಯಗೊಳಿಸಿದ. ಹೆಸರು ಗೆದ್ದಷ್ಟು ಸುಲಭವಾಗಿ ಉಪಕರಣ ಗೆಲ್ಲಲಿಲ್ಲ. 1995ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಆಟಕ್ಕೆಂದೇ ‘ವರ್ಚುವಲ್ ಬಾಯ್’ ತಂದಿತು. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಚಿತ್ರ ಮಾತ್ರ, ಮೇಜಿನ ಮೇಲಿಟ್ಟು ಬಗ್ಗಿ ನೋಡಬೇಕು, ತಲೆ ತಿರುಗಿಸುವ ಮಾತೇ ಇಲ್ಲ. ಎಂಟು ಲಕ್ಷವೂ ಮಾರಾಟವಾಗದೆ ಒಂದು ವರ್ಷದೊಳಗೆ ಅದು ಮಾರುಕಟ್ಟೆಯಿಂದ ಮರೆಯಾಯಿತು.

ಈ ಬೀಗಕ್ಕೆ ಕೀಲಿಕೈ ಸಿಕ್ಕಿದ್ದು ಆಟದ ಕಂಪನಿಗಳಿಂದಲ್ಲ, ಫೋನ್ ತಯಾರಕರಿಂದ. 2010ರ ಐಫೋನ್ 4ರಲ್ಲಿ ಮೊದಲ ಬಾರಿಗೆ ಫೋನಿನೊಳಗೆ ಗೈರೋಸ್ಕೋಪ್ ಸೇರಿತು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ರಚನೆ ಸದಾ ಕಂಪಿಸುತ್ತಿರುತ್ತದೆ. ಫೋನ್ ತಿರುಗಿದಾಗ ಆ ಕಂಪನ ಓರೆಯಾಗುತ್ತದೆ. ಎಷ್ಟು ಓರೆಯಾಯಿತೋ ಅಷ್ಟು ತಿರುಗಿತೆಂದು ಲೆಕ್ಕ. ನಮ್ಮ ಒಳಕಿವಿಯಲ್ಲಿರುವ ಮೂರು ಅರೆವೃತ್ತ ನಾಳಗಳು ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಹೀಗೆ ಫೋನಿಗೆ ಒಂದು ಬಗೆಯ ಒಳಕಿವಿ ಬಂತು. ಅದರ ಜೊತೆಗೆ ಒತ್ತೊತ್ತಾದ ಚುಕ್ಕೆಗಳ ಪರದೆ, ಚಿತ್ರ ಬರೆಯುವ ವೇಗದ ಚಿಪ್ಪು. ಕೋಟಿಗಟ್ಟಲೆ ಫೋನುಗಳು ತಯಾರಾಗುತ್ತಿದ್ದುದರಿಂದ ಎಲ್ಲವೂ ಅಗ್ಗ.

2012ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕ್ ಬೋಲಾಸ್ ತಂಡ ಫೋನ್ ಸೇರಿಸುವ ರಟ್ಟಿನ ಪೆಟ್ಟಿಗೆಯ ವಿನ್ಯಾಸವೊಂದನ್ನು ಬಿಡುಗಡೆ ಮಾಡಿತ್ತು. ಅದೇ ಪ್ರಯೋಗಾಲಯದಲ್ಲಿ ದುಡಿದಿದ್ದ ಪಾಮರ್ ಲಕಿ ಎಂಬ ತರುಣ ಅದೇ ವರ್ಷ ‘ಆಕ್ಯುಲಸ್’ ಹೆಸರಿನಲ್ಲಿ ಸಾರ್ವಜನಿಕರಿಂದ ಎರಡೂವರೆ ಲಕ್ಷ ಡಾಲರ್ ಕೇಳಿದಾಗ 24 ಲಕ್ಷಕ್ಕೂ ಮಿಕ್ಕಿ ಡಾಲರ್ ಬಂದು ಬಿತ್ತು. ಎರಡೇ ವರ್ಷದಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು 200 ಕೋಟಿ ಡಾಲರಿಗೆ ಕೊಂಡಿತು. ಸ್ವಾರಸ್ಯವೆಂದರೆ, ಆಕ್ಯುಲಸ್ 2014ರಲ್ಲಿ ತಂದ ಎರಡನೆಯ ಮಾದರಿಯನ್ನು ಬಿಚ್ಚಿ ನೋಡಿದವರಿಗೆ ಒಳಗೆ ಕಂಡದ್ದು ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 3 ಫೋನಿನ ಪರದೆ!

ಹಾಗಿದ್ದ ಮೇಲೆ ನೇರವಾಗಿ ಜನರ ಕೈಯಲ್ಲಿರುವ ಫೋನನ್ನೇ ಏಕೆ ಬಳಸಬಾರದು? ಗೂಗಲ್ ಕಂಪನಿಯ ಪ್ಯಾರಿಸ್ ಕಚೇರಿಯ ಡೇವಿಡ್ ಕೋಜ್ ಮತ್ತು ಡಾಮಿಯನ್ ಆನ್ರಿ ಎಂಬಿಬ್ಬರು ಬಿಡುವಿನ ಯೋಜನೆಯಾಗಿ ಮಾಡಿದ ‘ಕಾರ್ಡ್‌ಬೋರ್ಡ್’ 2014ರ ಜೂನ್‌ನಲ್ಲಿ ಹೊರಬಂತು. ಹೋಮ್ಸ್ ಮಾಡಿದಂತೆಯೇ ಗೂಗಲ್ ಕೂಡ ಅದರ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಪೆಟ್ಟಿಗೆಯಲ್ಲಿ ಮುಚ್ಚಿದ ಫೋನಿನ ಪರದೆ ಮುಟ್ಟುವುದು ಹೇಗೆ ಎಂಬ ಸಮಸ್ಯೆಗೆ ಅವರು ಹುಡುಕಿದ ಉಪಾಯ ಸೊಗಸಾದದ್ದು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಆಯಸ್ಕಾಂತದ ಉಂಗುರ. ಅದನ್ನು ಕೆಳಕ್ಕೆ ಜಾರಿಸಿದರೆ ಫೋನಿನೊಳಗಿನ ದಿಕ್ಸೂಚಿ ಬೆಚ್ಚುತ್ತದೆ. ಅದನ್ನೇ ಗುಂಡಿ ಒತ್ತಿದಂತೆ ಎಂದು ತಿಳಿಯುತ್ತದೆ ಫೋನು. 2017ರ ವೇಳೆಗೆ ಒಂದು ಕೋಟಿಗೂ ಹೆಚ್ಚು ಕಾರ್ಡ್‌ಬೋರ್ಡುಗಳು ಹೊರಬಿದ್ದಿದ್ದವು ಎಂದು ಗೂಗಲ್ ಹೇಳಿಕೊಂಡಿತು.

ಆಟಕ್ಕೆ ಅಡ್ಡಿ ಎಲ್ಲಿ?

ಮೊದಲ ಅಡ್ಡಿ, ಗೈರೋಸ್ಕೋಪಿನದೇ. ಅದು ತಲೆ ತಿರುಗಿದ್ದನ್ನು ತಿಳಿಯಬಲ್ಲದು. ತಲೆ ಜಾಗ ಬದಲಿಸಿದ್ದನ್ನು ತಿಳಿಯಲಾರದು. ಕುರ್ಚಿಯಲ್ಲಿ ಕೂತು ಸುತ್ತ ನೋಡಿದರೆ ಸರಿ. ಎದುರಿಗೆ ಬಂದ ಬಾಣವನ್ನು ತಪ್ಪಿಸಲು ಪಕ್ಕಕ್ಕೆ ಬಾಗಿದರೆ? ಪೆಟ್ಟಿಗೆಯೊಳಗಿನ ಲೋಕವೂ ನಿಮ್ಮೊಂದಿಗೇ ಬಾಗುತ್ತದೆ, ಬಾಣ ಹಣೆಗೇ ಬೀಳುತ್ತದೆ. ಮೇಜಿನ ಮೇಲಿನ ವಸ್ತುವನ್ನು ಬಗ್ಗಿ ನೋಡಹೋದರೆ ಮೇಜೇ ಹಿಂದೆ ಸರಿಯುತ್ತದೆ. ಇಂದಿನ ದುಬಾರಿ ಉಪಕರಣಗಳಲ್ಲಿ ಹೊರಮೈಯ ಕ್ಯಾಮೆರಾಗಳು ಕೋಣೆಯನ್ನು ಸದಾ ಗಮನಿಸುತ್ತಾ ತಲೆ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿರುತ್ತವೆ. ಅಗ್ಗದ ಪೆಟ್ಟಿಗೆಯಲ್ಲಿ ಆ ಏರ್ಪಾಟಿಲ್ಲ.

ಎರಡನೆಯದು ಕೈ. ಆಟವೆಂದರೆ ಕೈ ಬೇಕು. 2018ರಲ್ಲಿ ಬಂದು ಜಗತ್ತಿನಾದ್ಯಂತ ಹೆಸರು ಮಾಡಿದ ‘ಬೀಟ್ ಸೇಬರ್’ ಆಟದಲ್ಲಿ ಸಂಗೀತದ ತಾಳಕ್ಕೆ ತೂರಿ ಬರುವ ಘನಗಳನ್ನು ಎರಡು ಕತ್ತಿಗಳಿಂದ ಸೀಳಬೇಕು. ಕೈ ಎಲ್ಲಿದೆ, ಯಾವ ಕೋನದಲ್ಲಿ ಬೀಸಿತು ಎಂದು ಗೊತ್ತಾಗದಿದ್ದರೆ ಆ ಆಟವೇ ಇಲ್ಲ. ಫೋನ್ ಪೆಟ್ಟಿಗೆಯಲ್ಲಿ ಇರುವುದು ಒಂದೇ ಗುಂಡಿ, ಇಲ್ಲವೇ ಬ್ಲೂಟೂತಿನ ಒಂದು ಪುಟ್ಟ ರಿಮೋಟು. ಬಹುಪಾಲು ಆಟಗಳಲ್ಲಿ ವಸ್ತುವನ್ನು ಎರಡು ಸೆಕೆಂಡು ದಿಟ್ಟಿಸಿ ನೋಡಿದರೆ ‘ಹಿಡಿದಂತೆ’. ಡಬ್ಬಿಯ ಮೇಲಿನ ಹುಡುಗ ಕೈ ಬೀಸುತ್ತಿರುವುದು ಹಾಗಾಗಿ ಚಿತ್ರಕಾರನ ಔದಾರ್ಯ ಮಾತ್ರ.

ಇನ್ನು ಚಿತ್ರದ ಸ್ಪಷ್ಟತೆ. ಇಲ್ಲಿ ತುಸು ಲೆಕ್ಕ ಬೇಕು. ಸಾಮಾನ್ಯ ಫೋನಿನ ಪರದೆಯಲ್ಲಿ ಉದ್ದಕ್ಕೆ 1920 ಚುಕ್ಕೆಗಳಿವೆ ಎಂದುಕೊಳ್ಳಿ. ಅಡ್ಡ ಹಿಡಿದು ಎರಡು ಪಾಲು ಮಾಡಿದರೆ ಒಂದೊಂದು ಕಣ್ಣಿಗೆ 960. ಮಸೂರ ಅವನ್ನು ಹಿಗ್ಗಿಸಿ ಸುಮಾರು 90 ಡಿಗ್ರಿ ನೋಟಕ್ಕೆ ಹರಡುತ್ತದೆ. ಎಂದರೆ ಒಂದು ಡಿಗ್ರಿಗೆ ಹತ್ತೋ ಹನ್ನೊಂದೋ ಚುಕ್ಕೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯಲ್ಲಿ ಸುಮಾರು 60 ಚುಕ್ಕೆಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲದು. ಕೈಯಲ್ಲಿ ಹಿಡಿದಾಗ ಕನ್ನಡಿಯಂತೆ ನುಣುಪಾಗಿ ಕಂಡ ಪರದೆ ಪೆಟ್ಟಿಗೆಯೊಳಗೆ ಸೊಳ್ಳೆಪರದೆಯ ಹಿಂದಿನ ನೋಟದಂತೆ ಕಾಣುವುದು ಇದರಿಂದಲೇ. ದೂರದ ಶತ್ರು ನಾಲ್ಕೈದು ಚುಕ್ಕೆಗಳ ಗುಪ್ಪೆ; ಅಕ್ಷರ ಓದುವುದಂತೂ ಕಷ್ಟ.

ಎಲ್ಲಕ್ಕಿಂತ ದೊಡ್ಡ ತೊಡಕು ಹೊಟ್ಟೆಯದು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಪುಸ್ತಕ ಓದಲು ಹೋದವರಿಗೆ ಇದರ ಅನುಭವವುಂಟು. ಒಳಕಿವಿ ‘ಚಲಿಸುತ್ತಿದ್ದೇನೆ’ ಎನ್ನುತ್ತದೆ, ಪುಸ್ತಕದ ಮೇಲಿರುವ ಕಣ್ಣು ‘ಇಲ್ಲ, ಸುಮ್ಮನೆ ಕೂತಿದ್ದೇನೆ’ ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಪೆಟ್ಟಿಗೆಯಲ್ಲಿ ಇದು ತಿರುಗುಮುರುಗು. ಆಟದಲ್ಲಿ ನೀವು ಓಡುತ್ತಿದ್ದೀರಿ ಎಂದು ಕಣ್ಣು ಹೇಳುತ್ತದೆ, ಕುರ್ಚಿ ಅಲುಗಾಡಿಲ್ಲ ಎಂದು ಕಿವಿ ಹೇಳುತ್ತದೆ. ವಿಮಾನ ಹಾರಾಟ ಕಲಿಸುವ ಯಂತ್ರಗಳಲ್ಲಿ ಕುಳಿತವರಲ್ಲಿ ಈ ತೊಂದರೆ 1950ರ ದಶಕದಲ್ಲಿಯೇ ಕಂಡುಬಂದಿತ್ತು. ತಲೆ ತಿರುಗಿಸಿದ್ದಕ್ಕೂ ಚಿತ್ರ ತಿರುಗುವುದಕ್ಕೂ ನಡುವೆ ತಡವಾದರಂತೂ ಜಗಳ ಇನ್ನೂ ಜೋರು. ಈ ತಡ 20 ಮಿಲಿಸೆಕೆಂಡಿನೊಳಗೆ ಇರಬೇಕೆಂಬುದು ಈ ಕ್ಷೇತ್ರದವರ ಅಂದಾಜು. ಸೆಕೆಂಡಿಗೆ 60 ಚಿತ್ರ ತೋರಿಸುವ ಫೋನಿನಲ್ಲಿ ಒಂದು ಚಿತ್ರ ಬದಲಾಗಲಿಕ್ಕೇ ಸುಮಾರು 17 ಮಿಲಿಸೆಕೆಂಡು ಬೇಕು. ಉಳಿದ ಕೆಲಸಕ್ಕೆ ಮೂರೇ ಮಿಲಿಸೆಕೆಂಡು ಉಳಿಯುತ್ತದೆ! ಒಂದರ ಬದಲು ಎರಡು ಚಿತ್ರ ಬರೆಯಬೇಕಾದ ಫೋನು, ಗಾಳಿಯಾಡದ ಪೆಟ್ಟಿಗೆಯೊಳಗೆ, ಬೇಗನೆ ಬಿಸಿಯಾಗುತ್ತದೆ. ಬಿಸಿಯಾದಾಗ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ವೇಗ ತಗ್ಗಿದರೆ ತಡ ಹೆಚ್ಚುತ್ತದೆ. ಬ್ಯಾಟರಿ ಇಳಿಯುವ ಮಾತು ಬೇರೆ.

ಸೋತವರೇ ಹೇಳಿದ್ದು

ಈ ಅಡ್ಡಿಗಳನ್ನು ದಾಟುವ ಗಂಭೀರ ಪ್ರಯತ್ನ ನಡೆಯಲೇ ಇಲ್ಲ ಎನ್ನುವಂತಿಲ್ಲ. ಸ್ಯಾಮ್‌ಸಂಗ್ ಮತ್ತು ಆಕ್ಯುಲಸ್ ಸೇರಿ ‘ಗಿಯರ್ ವಿಆರ್’ ತಂದವು. ಸಾರ್ವಜನಿಕರಿಗೆ 2015ರ ನವೆಂಬರ್‌ನಲ್ಲಿ 99 ಡಾಲರಿಗೆ ಸಿಕ್ಕ ಆ ಪೆಟ್ಟಿಗೆಯಲ್ಲಿ ಫೋನಿನದಕ್ಕಿಂತ ಚುರುಕಾದ ಗೈರೋಸ್ಕೋಪ್ ಬೇರೆಯೇ ಇತ್ತು. ‘ಡೂಮ್’ ಆಟದ ಹಿಂದಿದ್ದ ಜಾನ್ ಕಾರ್ಮ್ಯಾಕ್‌ನಂಥ ನುರಿತ ಪ್ರೋಗ್ರಾಮರ್ ತಿಂಗಳುಗಟ್ಟಲೆ ಕೂತು ಆ ತಡವನ್ನು ತಗ್ಗಿಸಿದ. ಆಟಗಳೂ ಬಂದವು. ‘ಮೈನ್‌ಕ್ರಾಫ್ಟ್’ 2016ರಲ್ಲಿ ಬಂತು. ‘ಲ್ಯಾಂಡ್ಸ್ ಎಂಡ್’ ಎಂಬ ಸಾವಧಾನದ ಆಟದಲ್ಲಿ ದಿಟ್ಟಿಸಿ ನೋಡುವುದೇ ಆಟದ ಮರ್ಮ, ಓಟವಿಲ್ಲ, ಅವಸರವಿಲ್ಲ. ಇನ್ನೂ ಜಾಣತನದ್ದು ‘ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’. ಪೆಟ್ಟಿಗೆ ಧರಿಸಿದವನಿಗೆ ಮಾತ್ರ ಒಂದು ಬಾಂಬು ಕಾಣುತ್ತದೆ, ಅದನ್ನು ನಿಷ್ಕ್ರಿಯಗೊಳಿಸುವ ಸೂಚನೆಗಳ ಹಾಳೆ ಉಳಿದವರ ಕೈಯಲ್ಲಿರುತ್ತದೆ. ಇವನು ಕಂಡದ್ದನ್ನು ಕೂಗಿ ಹೇಳಬೇಕು, ಅವರು ಹಾಳೆ ತಿರುವಿ ಉತ್ತರಿಸಬೇಕು. ಪೆಟ್ಟಿಗೆಯ ಮಿತಿಯನ್ನೇ ಆಟವಾಗಿಸಿಕೊಂಡ ಇಂಥವು ಬೆರಳೆಣಿಕೆಯಷ್ಟೇ. ಉಳಿದ ಬಹುಪಾಲು ರೋಲರ್ ಕೋಸ್ಟರು, ಭೂತಬಂಗಲೆ. ಒಮ್ಮೆ ನೋಡಿ ‘ಅಬ್ಬಾ’ ಎಂದು, ಎರಡನೆಯ ಸಲ ಅಕ್ಕಪಕ್ಕದವರಿಗೆ ತೋರಿಸಿ, ಮೂರನೆಯ ಸಲ ಮರೆಯುವಂಥವು.

2017ರ ಜನವರಿಯ ವೇಳೆಗೆ 50 ಲಕ್ಷ ಗಿಯರ್ ವಿಆರ್‌ಗಳು ಹೊರಬಿದ್ದಿದ್ದವು. ಆದರೆ ಅನೇಕವು ಫೋನ್ ಕೊಂಡವರಿಗೆ ಪುಕ್ಕಟೆಯಾಗಿ ಸಿಕ್ಕಂಥವು. 2019ರ ಆಗಸ್ಟಿನಲ್ಲಿ ಬಂದ ಸ್ಯಾಮ್‌ಸಂಗ್ ನೋಟ್ 10 ಫೋನು ಗಿಯರ್ ವಿಆರ್‌ಗೆ ಹೊಂದುವಂತಿರಲಿಲ್ಲ. ಮುಂದಿನ ತಿಂಗಳು ಕಾರ್ಮ್ಯಾಕ್ ತಾನೇ ದುಡಿದ ಆ ಪೆಟ್ಟಿಗೆಗೆ ಸಭೆಯೊಂದರಲ್ಲಿ ಚರಮಗೀತೆಯಂಥ ಭಾಷಣ ಮಾಡಿದ. ಫೋನನ್ನು ಕಿಸೆಯಿಂದ ತೆಗೆದು ಪೆಟ್ಟಿಗೆಗೆ ಸಿಕ್ಕಿಸುವುದು, ಆಟ ಆಡುತ್ತಾ ಬ್ಯಾಟರಿ ಖಾಲಿ ಮಾಡಿಕೊಳ್ಳುವುದು ಜನರಿಗೆ ಬೇಡವಾಯಿತು ಎಂಬುದು ಅವನ ಮಾತಿನ ಸಾರ. ಗೂಗಲ್ 2016ರಲ್ಲಿ 79 ಡಾಲರಿಗೆ ತಂದಿದ್ದ ಬಟ್ಟೆಯ ಹೊದಿಕೆಯ ‘ಡೇಡ್ರೀಮ್’ ಪೆಟ್ಟಿಗೆಯನ್ನು 2019ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದಾಗ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ: ದಿನವಿಡೀ ಬೇಕಾಗುವ ಫೋನನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಲು ಜನ ಒಪ್ಪಲಿಲ್ಲ. ಕರೆ ಬಂದರೆ, ಮೆಸೇಜು ಬಂದರೆ ಆಟ ಬಿಟ್ಟೇಳಬೇಕಲ್ಲ! ರಟ್ಟಿನ ಕಾರ್ಡ್‌ಬೋರ್ಡ್ ಮಾರಾಟ 2021ರ ಮಾರ್ಚ್‌ನಲ್ಲಿ ನಿಂತಿತು. ಅದರ ಪ್ರೋಗ್ರಾಮ್ ಮಾತ್ರ ಎಲ್ಲರಿಗೂ ಮುಕ್ತವಾಗಿ ಉಳಿದಿದೆ.

ಫೋನ್ ಬೇಡದ, ಎಲ್ಲವನ್ನೂ ತನ್ನೊಳಗೇ ಇಟ್ಟುಕೊಂಡ ಉಪಕರಣ ಗೆದ್ದಿತು. ಆಕ್ಯುಲಸ್‌ನ ‘ಕ್ವೆಸ್ಟ್’ 2019ರಲ್ಲಿ ಬಂದಾಗ ಬೆಲೆ 399 ಡಾಲರ್. 2024ರ ಅಕ್ಟೋಬರ್‌ನಲ್ಲಿ ಬಂದ ಕ್ವೆಸ್ಟ್ 3ಎಸ್‌ನ ಆರಂಭದ ಬೆಲೆ 299 ಡಾಲರ್. ರೂಪಾಯಿಗೆ ತಿರುಗಿಸಿದರೆ ಇಪ್ಪತ್ತೈದು ಸಾವಿರದ ಆಸುಪಾಸು. ಐನೂರು ರೂಪಾಯಿಯ ಪೆಟ್ಟಿಗೆಗೂ ಇದಕ್ಕೂ ನಡುವೆ ಮೆಟ್ಟಿಲೇ ಇಲ್ಲ. ನಮ್ಮಂಥ ದೇಶದಲ್ಲಿ ಫೋನ್ ಪೆಟ್ಟಿಗೆ ಸೋತದ್ದರ ನಿಜವಾದ ನಷ್ಟ ಇದು. ಪೇಟೆಂಟ್ ಇಲ್ಲದ ಹೋಮ್ಸನ ಪೆಟ್ಟಿಗೆ, ರಟ್ಟಿನ ಕಾರ್ಡ್‌ಬೋರ್ಡ್ ಇವೆರಡೂ ಬಡವರ ಕೈಗೂ ಎಟುಕುವಂತಿದ್ದವು. ಗೆದ್ದ ಉಪಕರಣ ಹಾಗಿಲ್ಲ.

ಕೊಳ್ಳುವ ಮುನ್ನ

ಭಾರತದಲ್ಲಿ ಫೋನ್ ಪೆಟ್ಟಿಗೆ ಆಮೇಲೂ ಒಮ್ಮೆ ಸದ್ದು ಮಾಡಿತು. 2023ರ ಐಪಿಎಲ್ ಸಮಯದಲ್ಲಿ ಜಿಯೋ ಕಂಪನಿ 1,299 ರೂಪಾಯಿಗೆ ‘ಜಿಯೋಡೈವ್’ ತಂದಿತು. ಆಡಲಿಕ್ಕಲ್ಲ, ಸುತ್ತಲೂ ತಿರುಗಿ ನೋಡುತ್ತಾ ಕ್ರಿಕೆಟ್ ನೋಡಲಿಕ್ಕೆ. ನೋಡುವುದಕ್ಕೆ ಈ ಪೆಟ್ಟಿಗೆ ಈಗಲೂ ಅಡ್ಡಿಯಿಲ್ಲ. ಹಂಪಿಯೋ ಹಿಮಾಲಯವೋ, 360 ಡಿಗ್ರಿ ವಿಡಿಯೊವನ್ನು ಹತ್ತು ನಿಮಿಷ ನೋಡಿ ಸಂತೋಷಪಡಬಹುದು. ಶಾಲೆಯಲ್ಲಿ ಸೌರಮಂಡಲ ತೋರಿಸಬಹುದು. ಕಂಪ್ಯೂಟರಿನಲ್ಲಿ ನಡೆಯುವ ಆಟವನ್ನು ವೈಫೈ ಮೂಲಕ ಫೋನಿಗೆ ಹಾಯಿಸುವ ‘ವಿರಿಡ್ಜ್’, ‘ಟ್ರೈನಸ್’ನಂಥ ತಂತ್ರಾಂಶಗಳೂ ಬಂದವು. ಆದರೆ ಶಕ್ತಿಶಾಲಿ ಕಂಪ್ಯೂಟರ್ ಇದ್ದವರಿಗೆ, ಅದೂ ಗಂಟೆಗಟ್ಟಲೆ ತಿಣುಕುವ ತಾಳ್ಮೆ ಇದ್ದವರಿಗೆ ಅದು. ಮಗುವಿನ ಹುಟ್ಟುಹಬ್ಬಕ್ಕಲ್ಲ.

ಇಷ್ಟಾದರೂ ಒಂದು ಕೊಂಡು ನೋಡೋಣ ಎನ್ನುವವರು ಮೊದಲು ಮನೆಯ ಫೋನನ್ನೇ ಪರೀಕ್ಷಿಸುವುದು ಒಳ್ಳೆಯದು. ಅಗ್ಗದ ಫೋನುಗಳಲ್ಲಿ ಎಷ್ಟೋ ಬಾರಿ ಗೈರೋಸ್ಕೋಪೇ ಇರುವುದಿಲ್ಲ. ಕೆಲವದರ ವಿವರದಲ್ಲಿ ‘ವರ್ಚುವಲ್ ಗೈರೋಸ್ಕೋಪ್’ ಎಂದಿರುತ್ತದೆ, ಅದು ಬೇರೆ ಸಂವೇದಕಗಳಿಂದ ಮಾಡುವ ಅಂದಾಜು. ಯೂಟ್ಯೂಬಿನಲ್ಲಿ ಒಂದು 360 ಡಿಗ್ರಿ ವಿಡಿಯೊ ಹಾಕಿ ಫೋನ್ ಹಿಡಿದು ಮೆಲ್ಲಗೆ ಸುತ್ತು ಹಾಕಿದರೆ ತಿಳಿಯುತ್ತದೆ. ಚಿತ್ರ ಜೊತೆಗೆ ತಿರುಗದಿದ್ದರೆ, ತಡವರಿಸಿದರೆ, ಪೆಟ್ಟಿಗೆಗೆ ಕೊಡುವ ಹಣ ದಂಡ. ಪೆಟ್ಟಿಗೆಯಲ್ಲಿ ಮಸೂರಗಳ ನಡುವಿನ ಅಂತರ ಹೊಂದಿಸುವ ತಿರುಪು ಇದೆಯೇ ನೋಡಬೇಕು. ದೊಡ್ಡವರ ಕಣ್ಣಿಗೆ ಮಾಡಿದ ಅಳತೆ ಮಕ್ಕಳಿಗೆ ಕೂಡುವುದಿಲ್ಲ. ಗಿಯರ್ ವಿಆರ್ ಜೊತೆಯಲ್ಲಿ 13 ವರ್ಷದೊಳಗಿನ ಮಕ್ಕಳು ಬಳಸಬಾರದೆಂದು ಸ್ಯಾಮ್‌ಸಂಗ್ ಸ್ವತಃ ಎಚ್ಚರಿಸಿತ್ತು. ಡೈನೋಸಾರ್ ಚಿತ್ರದ ಡಬ್ಬಿಯನ್ನು ಬೇಕೆಂದು ಹಟ ಹಿಡಿಯುವವರಲ್ಲಿ ಹೆಚ್ಚಿನವರ ವಯಸ್ಸು ಅದಕ್ಕಿಂತ ಕಡಿಮೆ.

ಗಿಯರ್ ವಿಆರ್‌ಗೆಂದು ದುಡ್ಡು ಕೊಟ್ಟು ಆಟ ಕೊಂಡವರಿಗೆ ಈಗ ಅದನ್ನು ಹೊಸ ಫೋನಿನಲ್ಲಿ ಆಡಲು ದಾರಿಯಿಲ್ಲ. ಹಳೆಯ ಫೋನು ಕೆಟ್ಟರೆ ಆಟವೂ ಹೋಯಿತು. ವ್ಯೂಮಾಸ್ಟರಿನ ಬಿಲ್ಲೆಯ ಅಳತೆ ಮಾತ್ರ ಆಗಿನಿಂದ ಬದಲಾಗಿಲ್ಲ. ಎಂಬತ್ತು ವರ್ಷದ ಹಿಂದಿನ ಬಿಲ್ಲೆಯೊಂದು ಎಲ್ಲಾದರೂ ಸಿಕ್ಕಿದರೆ, ಕಿಟಕಿಯ ಬೆಳಕಿಗೆ ಹಿಡಿದು ಸನ್ನೆ ಒತ್ತಿದರೆ, ಏಳು ಜೋಡಿ ಚಿತ್ರಗಳೂ ಇಂದಿಗೂ ಉಬ್ಬಿ ನಿಂತೇ ಕಾಣುತ್ತವೆ.